ಶರಣಪ್ಪ ಕಾಕಾನ ಹೆಬ್ಬೆರಳು

ಆ ನಾಲ್ಕು ಗಾಲಿಯ ಬೈಕಿಗೆ ನಾನು ಇಪ್ಪತ್ತೆರಡು ಸಾವಿರ ಕೊಟ್ಟೆ. ಮಾಲು ನೋಡಿದರೆ ಅಗ್ಗವೇ. ಆದರೆ ಕೊಂಡದ್ದು ಓಡಿಸಲಿಕ್ಕಲ್ಲ, ಮಾರಲಿಕ್ಕೂ ಅಲ್ಲ. ಇನ್ನು ಯಾರೂ ಅದರ ಮೇಲೆ ಕೂಡಬಾರದು ಎಂದು. ಜಗತ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ ಹಳೆಯ ಗಾಡಿ ಕೊಂಡು ಮಾರಿ ಮನೆ ಕಟ್ಟಿಸಿದವನು ನಾನು. ಇಂಥ ವ್ಯಾಪಾರ ಮಾಡಿದ್ದು ಅದೊಂದೇ ಸಲ, ಅದೂ ಶರಣಪ್ಪ ಕಾಕಾನ ಹೆಬ್ಬೆರಳಿನ ಮಾತು ಕೇಳಿ.

ಕಾಕಾ ಮೂಲತಃ ದನದ ದಲಾಲಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲಿಯೂ ಮಾರುವವನೂ ಬಲಗೈ ಹಿಡಿದು, ಮೇಲೆ ಟವೆಲ್ ಹಾಕಿ, ಒಳಗೊಳಗೇ ಬೆರಳು ಒತ್ತಿ ಲೆಕ್ಕ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ಲಿನ ಮಿಸುಕಾಟವಷ್ಟೇ ಕಾಣುತ್ತದೆ. ಎತ್ತಿನ ವ್ಯಾಪಾರ ಇಳಿದ ಮೇಲೆ, ಎಂಬತ್ತರ ದಶಕದ ಕೊನೆಗೆ, ಕಾಕಾ ನನ್ನ ಜೊತೆ ಬರತೊಡಗಿದ. ಎಂಜಿನ್ನಿನ ಗಂಧಗಾಳಿ ಅವನಿಗಿರಲಿಲ್ಲ. ಸ್ಕೂಟರಿಗೆ ಒಂದು ಸುತ್ತು ಹಾಕಿ, ಎತ್ತಿನ ವಯಸ್ಸು ಕೇಳುವವನ ಹಾಗೆ, "ಎಷ್ಟ್ ಹಲ್ಲಾಗ್ಯಾವ ಇದಕ್ಕ?" ಎಂದು ಮಾರುವವನನ್ನು ನಗಿಸುತ್ತಿದ್ದ. ಗಾಡಿ ನೋಡುವುದು ನನ್ನ ಕೆಲಸ, ಕೈ ನೋಡುವುದು ಅವನದು. ಅವನ ಲೆಕ್ಕದಲ್ಲಿ ನಾಲ್ಕು ಬೆರಳಿಗೆ ಬೆಲೆ. ಹೆಬ್ಬೆರಳಿಗೆ ಏನೂ ಇಲ್ಲ. "ಬಾಯಿ ಮಂದಿ ಸಲುವಾಗಿ ಮಾತಾಡ್ತದ, ಬೆರಳ ತನ್ನ ಸಲುವಾಗಿ," ಎನ್ನುತ್ತಿದ್ದ.

ಒಮ್ಮೆ ಐವಾನ್-ಎ-ಶಾಹಿ ಬಡಾವಣೆ ಕಡೆ ಹೊಸದರಂಥ ಸ್ಕೂಟರೊಂದು ಅರ್ಧ ಬೆಲೆಗೆ ಬಂದಿತ್ತು. ನಾನು ರೊಕ್ಕ ತೆಗೆಯುವಷ್ಟರಲ್ಲಿ ಕಾಕಾ ಕೈ ಕಿತ್ತುಕೊಂಡು ಎದ್ದ. ಹೊರಗೆ ಬಂದು, "ಅವನ ಬೆರಳ ಬೆಲಿ ಹೇಳಾಕತ್ತಿಲ್ಲೋ ತಮ್ಮಾ, ಓಡಿ ಹೋಗಾಕತ್ತಾವ. ಗಾಡಿ ಅವಂದಲ್ಲ," ಎಂದ. ಸ್ವಲ್ಪ ದಿನಕ್ಕೆ ಪೊಲೀಸರು ಆ ಸ್ಕೂಟರನ್ನೂ ಅವನನ್ನೂ ಕರೆದೊಯ್ದರು. ಆಮೇಲೆ ಕಾಕಾನ ಕಮಿಷನ್ನಿಗೆ ನಾನು ಚೌಕಾಸಿ ಮಾಡಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಮಲಾಪುರದಿಂದ ಸುದ್ದಿ ಬಂತು: ಕೆಂಪು ಬಾಳೆ ತೋಟದ ಗೌಡರೊಬ್ಬರ ಹತ್ತಿರ ನಾಲ್ಕು ಗಾಲಿಯ ರೇಸ್ ಬೈಕು ಇದೆ. ಅದರ ಮೇಲೆ ಮಕ್ಕಳನ್ನು ಕೂಡಿಸಿ ಸುತ್ತು ಹೊಡೆಸಲು ಗಿರಾಕಿಯೊಬ್ಬ ನನಗೆ ಆಗಲೇ ಸಿಕ್ಕಿದ್ದ. ಒಳ್ಳೆಯ ಲಾಭ ಕಣ್ಣೆದುರಿಗಿತ್ತು.

"ನಮ್ಮ ತಮ್ಮ ತಂದಿದ್ದ್ರೀ. ಅವ ಹೈದರಾಬಾದಿಗೆ ಹೋಗ್ಯಾನ, ಇಲ್ಲಿ ಹೊಡಿಯೋರಿಲ್ಲ," ಎಂದರು ಗೌಡರು. ಮಟಮಟ ಮಧ್ಯಾಹ್ನ. ತೋಟದೊಳಗೆ ಮಾತ್ರ ಹಸಿರು ಕತ್ತಲೆ. ಒಂದು ಹಕ್ಕಿಯ ದನಿಯೂ ಇಲ್ಲ. ಮುಂದಿನ ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಗಟ್ಟಿ ಇತ್ತು. ಆಯಿಲ್ ಬೆರಳಿಗೆ ಹಚ್ಚಿ ತಿಕ್ಕಿದೆ. ಲೋಹದ ಪುಡಿ ಇಲ್ಲ. ಚೈನು ತುಸು ಸಡಿಲ. ಸ್ಟಾರ್ಟ್ ಮಾಡಿದೆ, ನೀಲಿ ಹೊಗೆ ಬರಲಿಲ್ಲ. ಇದರ ಎಕ್ಸಲರೇಟರ್ ಸ್ಕೂಟರಿನ ಹಾಗೆ ತಿರುವುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣ ಪಟ್ಟಿ. ಒತ್ತಿ ಬಿಟ್ಟೆ; ಸರಿಯಾಗಿ ಹಿಂದೆ ಬಂತು. ಅಷ್ಟು ಹೊತ್ತೂ ಕಾಕಾ ದೂರದ ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದ.

ಬಂದು ಗೌಡರ ಕೈ ಹಿಡಿದು ಟವೆಲ್ ಹಾಕಿದ. ಸ್ವಲ್ಪ ಹೊತ್ತಿಗೆ ಕಾಕಾನ ಹಣೆ ಬೆವರಿತು.

"ಗೌಡ್ರ, ಎಡಗೈ ಹೊರಗ ತಗೀರಿ."

"ಹೊರಗೇ ಅದಲ್ಲೋ!" ಗೌಡರ ಎಡಗೈಯಲ್ಲಿ ಗಾಡಿಯ ಕೀಲಿ ತೂಗುತ್ತಿತ್ತು.

"ಹಂಗಾದ್ರ ನನ್ನ ಹೆಬ್ಬಟ್ಟು ಹಿಡದವ್ರು ಯಾರು?"

ಬೆಲೆ ಇಳಿಸುವ ಹೊಸ ಹಿಕ್ಮತ್ತು ಎಂದುಕೊಂಡು ನಾನು ನಕ್ಕೆ. ಕಾಕಾ ನಗಲಿಲ್ಲ. "ಹಿಂದಕ್ಕ ಎತ್ತಾಕತ್ತದ. ಒತ್ತಬ್ಯಾಡ ಅಂದಂಗ," ಎಂದ. ಎಡಗೈಯಿಂದ ಟವೆಲ್ ಎಳೆದ. ಕೆಳಗೆ ಇದ್ದವು ಎರಡೇ ಕೈ. ಆದರೆ ಅವನ ಹೆಬ್ಬೆರಳು ಯಾರೋ ಹಿಡಿದೆತ್ತಿದ ಹಾಗೆ ಹಿಂದಕ್ಕೆ ಬಾಗಿ, ಬೆಳ್ಳಗಾಗಿತ್ತು.

ಗೌಡರು ಕೀಲಿಯನ್ನು ನನ್ನ ಕೈಗಿಟ್ಟರು. "ತಮ್ಮ ಹೈದರಾಬಾದಿಗೆ ಹೋಗಿಲ್ರೀ. ಇದೇ ಗಾಡಿ ಕೆಳಗ ಸತ್ತಾನ. ಬದುವಿನ ತಿರುವಿನಾಗ ಎಡಕ್ಕ ಹೊಳ್ಳಿಸಿದ. ಎಕ್ಸಲೇಟರ್ ಬಿಡೋ, ಬಿಡೋ ಅಂತ ನಾ ಒದರಾಕತ್ತಿದ್ದೆ. ಬಿಡಲಿಲ್ಲ ಹುಚ್ಚ. ತನ್ನ ಸೊಕ್ಕಿಗೆ ತಾನಽ ಸತ್ತ ಅಂತ ಅವ್ವ ಇವತ್ತಿಗೂ ಬೈತಾಳ."

ನಾನು ಮತ್ತೆ ಸ್ಟಾರ್ಟ್ ಮಾಡಿದೆ. ಗೇರಿಗೆ ಹಾಕದೆ, ಹೆಬ್ಬೆರಳು ಮೇಲೆತ್ತಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿದೆ. ಯಾರೂ ಒತ್ತದ ಎಂಜಿನ್ನು ತಾನಾಗಿ ಚೀರಿತು. ನೇರ ಮಾಡಿದೆ, ತಣ್ಣಗಾಯಿತು. ಮತ್ತೆ ಎಡಕ್ಕೆ, ಮತ್ತೆ ಚೀರಿತು. ಯಾರೋ ಕೇಬಲನ್ನು ತಪ್ಪು ದಾರಿಯಲ್ಲಿ ಕಟ್ಟಿದ್ದರು; ಹ್ಯಾಂಡಲ್ ತಿರುಗಿದರೆ ಅದು ಬಿಗಿದು ಎಕ್ಸಲರೇಟರ್ ಎಳೆಯುತ್ತಿತ್ತು.

"ಅಂದ್ರ... ಅವ ಬಿಟ್ಟಿದ್ದಾ?" ಎಂದರು ಗೌಡರು.

"ಬಿಟ್ಟಿದ್ದ್ರೀ," ಎಂದ ಕಾಕಾ. "ಅದನ್ನಽ ಹೇಳಾಕ ಬಂದಿದ್ದ."

ಗೌಡರು ಗಾಡಿಗೆ ಬೆನ್ನು ತಿರುಗಿಸಿದರು. ಆಮೇಲೆ, ಪುಕ್ಕಟೆ ಒಯ್ಯಿರಿ, ಕಣ್ಣ ಮುಂದೆ ಬೇಡ ಎಂದರು. ಕೇಬಲ್ ಬದಲಿಸಿದರೆ ಕೆಲಸ ಮುಗಿಯಿತಲ್ಲ ಎಂದು ನನ್ನ ಲೆಕ್ಕ ಓಡಿತು. ಕಾಕಾ ನನ್ನ ರಟ್ಟೆ ಹಿಡಿದ. "ಕೇಬಲ್ ಬದಲಸ್ತಿ. ಆ ಕೈ ಬಿಡಸ್ತಿ ಏನು? ಪೂರಾ ಬೆಲಿ ಕೊಡು, ಒಯ್ದು ಬಿಚ್ಚಿ ಹಾಕು. ಪುಕ್ಕಟೆ ತಂದ ದನ ತಿರುಗಿ ತನ್ನ ಕೊಟ್ಟಿಗಿಗೇ ಹೋಗ್ತದ."

ಕೊಟ್ಟೆ. ಬಿಚ್ಚಿ ಹಾಕಿದೆ. ಮಕ್ಕಳ ಸವಾರಿಯ ಗಿರಾಕಿ ಬಾಯಿಗೆ ಬಂದಂತೆ ಬೈದು ಹೋದ. ಗೌಡರು ಅಂದೇ ತಾಯಿಯನ್ನು ತೋಟಕ್ಕೆ ಕರೆತಂದು, ತಮ್ಮನ ಸಮಾಧಿಯ ಮುಂದೆ ಕೂಡಿಸಿ ಎಲ್ಲ ಹೇಳಿದರಂತೆ.

ಕಾಕಾ ಆಮೇಲೆ ಟವೆಲ್ಲಿನ ಕೆಳಗೆ ಕೈ ಇಡಲಿಲ್ಲ. ಬಾಯಿಂದ ಚೌಕಾಸಿ ಮಾಡಲು ಹೋಗಿ, ಮಾರುವವನ ಎದುರಿಗೇ "ಗಾಡಿ ಭಾಳ ಚಲೋ ಅದ" ಎಂದು ಬೆಲೆ ಏರಿಸಿಬಿಡುತ್ತಿದ್ದ. ಕೊನೆಯ ಸಲ ಕೋಟೆ ಹತ್ತಿರದ ಅವನ ಮನೆಗೆ ಹೋದಾಗ, ಜಡ್ಡು ಬಿದ್ದವನನ್ನು ಹುರಿದುಂಬಿಸಲು, "ಏಳು ಕಾಕಾ, ಒಂದು ಜೀಪ್ ಅದ, ನೋಡಿ ಬರೂಣು," ಎಂದೆ.

"ಬರಂಗಿಲ್ಲೋ ತಮ್ಮಾ. ಅಷ್ಟು ಖರೆ ಹೇಳಿದ ಕೈ ಹಿಡದ ಮ್ಯಾಲ, ಸುಳ್ಳು ಹೇಳೋ ಕೈ ಹಿಡಿಯಾಕ ಮನಸಿಲ್ಲ."

ಹದಿನೈದು ದಿನಕ್ಕೆ ಕಾಕಾ ತೀರಿಹೋದ. ಜೀಪು ನೋಡಲು ನಾನೊಬ್ಬನೇ ಹೋದೆ.

ನೀವು ಇಂಥ ಹಳೆಯ ಗಾಡಿ ಕೊಳ್ಳುವವರಾದರೆ ಒಂದು ಮಾತು. ಟಯರು, ಬಣ್ಣ ಆಮೇಲೆ ನೋಡಿ. ಮೊದಲು ಗೇರಿಗೆ ಹಾಕದೆ ಸ್ಟಾರ್ಟ್ ಮಾಡಿ, ಎಕ್ಸಲರೇಟರಿನಿಂದ ಬೆರಳು ತೆಗೆದು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಕಿವಿಗೊಟ್ಟು ಕೇಳಿ. ದನಿ ಏರಿದರೆ ಹತ್ತಬೇಡಿ. ಗಾಡಿಯದೇನೂ ತಪ್ಪಿಲ್ಲ, ಹೊಡೆದವನೇ ಹುಚ್ಚ ಎಂದು ಯಾರಾದರೂ ಹೇಳಿದರೆ, ಇನ್ನೊಮ್ಮೆ ತಿರುಗಿಸಿ ನೋಡಿ.