ಇಪ್ಪತ್ತಮೂರನೇ ಮೆಟ್ಟಿಲಿನ ಫೋನು

ಪದ್ಮಶ್ರೀ ಏನು ಕೆಲಸ ಮಾಡುತ್ತಾಳೆಂದು ಕ್ಯಾಲನೂರಿನಲ್ಲಿ ಸರಿಯಾಗಿ ಬಲ್ಲವರು ಯಾರೂ ಇಲ್ಲ. ಅವಳ ಅತ್ತೆ ಭಾರತಮ್ಮ ಒಮ್ಮೆ ಹಾಲಿನ ಡೈರಿಯ ಮುಂದೆ, "ನಮ್ಮ ಸೊಸೆ ಕಂಪ್ಯೂಟರ್ ರಿಪೇರಿ ಮಾಡ್ತಾಳೆ" ಎಂದದ್ದೇ ತಡ, ಮಾರನೆಯ ದಿನದಿಂದ ಕೆಟ್ಟ ಟಿವಿ ರಿಮೋಟುಗಳು, ಉರಿಯದ ಟಾರ್ಚುಗಳು, ಒಂದು ಸಲ ಹಾಲು ಕರೆಯುವ ಯಂತ್ರದ ಮೋಟಾರು ಕೂಡ ಮನೆಯ ಜಗುಲಿಗೆ ಬಂದು ಕೂತವು. ಪದ್ಮಶ್ರೀ ಒಲ್ಲೆ ಎನ್ನಲಿಲ್ಲ. ರಿಮೋಟುಗಳನ್ನು ಬಿಚ್ಚಿ, ಒರೆಸಿ, ಮುಚ್ಚಿದಳು. ಅರ್ಧಕ್ಕರ್ಧ ಸರಿಹೋದವು. ಅಲ್ಲಿಗೆ ಅವಳ ಹೆಸರು ಗಟ್ಟಿಯಾಯಿತು.

ನಿಜಕ್ಕೂ ಅವಳ ಕೆಲಸ ಅದಕ್ಕಿಂತ ತುಂಬಾ ದೂರದ್ದೇನಲ್ಲ. ಕೋಲಾರದಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಚಂದ್ರಮೋಹನ್ ಎಂಬುವರ ಆಫೀಸಿದೆ. ನಾಲ್ಕು ಮೇಜು, ಒಂದು ಫ್ಯಾನು. ಶಾಲೆಗಳಿಗೆ, ಕಲ್ಯಾಣ ಮಂಟಪಗಳಿಗೆ ಫೋನಿನ ಆಪ್ ಮಾಡಿಕೊಡುವುದು ಅಲ್ಲಿಯ ಕಸುಬು. ಹೊಸ ಆಪ್ ಕಟ್ಟುವುದಕ್ಕೆ ಎಲ್ಲರೂ ಮುಂದು, ಏಕೆಂದರೆ ಹೆಸರು ಬರುವುದು ಅದಕ್ಕೆ. ಹಳೆಯದು ಕೆಟ್ಟು ನಿಂತಾಗ ಮಾತ್ರ ಎಲ್ಲರ ಕಣ್ಣೂ ಪದ್ಮಶ್ರೀಯ ಮೇಜಿನ ಕಡೆ ತಿರುಗುತ್ತದೆ. ಹನ್ನೊಂದು ವರ್ಷದಿಂದ ಅವಳು ಮಾಡುತ್ತಿರುವುದು ಇದನ್ನೇ, ಇನ್ನೊಬ್ಬರು ಬಿಟ್ಟುಹೋದದ್ದನ್ನು ಮತ್ತೆ ನಡೆಯುವಂತೆ ಮಾಡುವುದು. ಬೇಸರವಿಲ್ಲವೇ ಎಂದು ಕೇಳಿದರೆ ನಗುತ್ತಾಳೆ, ಅಷ್ಟೆ.

ಅವಳದೇ ಎನ್ನಬಹುದಾದ ಆಪ್ ಒಂದೇ ಒಂದಿದೆ. ಅದರ ಹೆಸರು ಹುಳುಮನೆ ಗಂಟೆ.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ಅಲುಗಾಡದೆ ಕೂತು, ಚರ್ಮ ಕಳಚುತ್ತದೆ. ಈ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ಮೇಲೆ ಕ್ಯಾಲನೂರಿನವರು ಸುಣ್ಣದ ಪುಡಿ ಉದುರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದರೆ ಮತ್ತೆ ಒಳಗೆ ಇಣುಕುವುದಿಲ್ಲ. ಇಣುಕಿದರೆ ಹುಳಕ್ಕೆ ಕೇಡು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಆದರೆ ಜ್ವರ ಎದ್ದ ಹುಳಕ್ಕೆ ಕೂಡಲೇ ಸೊಪ್ಪು ಬೀಳಬೇಕು. ನಾಲ್ಕನೇ ಜ್ವರದಿಂದ ಎದ್ದದ್ದು ಒಂದು ದಿನ ಹಸಿದರೆ ಗೂಡಿನ ಆಸೆ ಬಿಡಬೇಕಾದ್ದೇ. ಹಿಂದೆ ದಿನ ಎಣಿಸಿ ಬಾಗಿಲು ತೆಗೆಯುತ್ತಿದ್ದರು. ಈಗ ಆ ಎಣಿಕೆಯನ್ನು ಪದ್ಮಶ್ರೀಯ ಆಪ್ ಮಾಡುತ್ತದೆ. ಮರಿ ಹುಳ ಮನೆಗೆ ಬಂದ ದಿನವನ್ನು ಒತ್ತಿಟ್ಟರೆ ಸಾಕು, ಜ್ವರ ಏಳುವ ಹೊತ್ತಿಗೆ ಗಂಟೆ ಹೊಡೆದು, ಭಾರತಮ್ಮನ ದನಿಯಲ್ಲಿ "ಎದ್ದವೆ ನೋಡ್ರಮ್ಮ, ಸೊಪ್ಪು ಹಾಕ್ರಿ" ಎನ್ನುತ್ತದೆ. ಅದನ್ನೇ ತೆಲುಗಿನಲ್ಲೂ ಹೇಳುತ್ತದೆ. ಇಂಟರ್ನೆಟ್ ಬೇಕಿಲ್ಲ. ಊರಿನ ನಲವತ್ತು ಮನೆಗಳಲ್ಲಿ ಅದೇ ಗಂಟೆ.

ಆ ಸಲ ಮರಿ ಹುಳ ಕೊಡುವ ಕೇಂದ್ರದವರು ಹೊಸ ತಳಿ ತಂದರು. ಜೊತೆಗೆ ಒಂದು ಚೀಟಿಯನ್ನೂ ಕೊಟ್ಟರು. ಈ ತಳಿ ನಾಲ್ಕನೇ ಜ್ವರದಿಂದ ಮಾಮೂಲಿಗಿಂತ ಒಂದು ದಿನ ಮುಂಚೆ ಏಳುತ್ತದೆ ಎಂದು ಅದರಲ್ಲಿತ್ತು. ಚೀಟಿ ಎಲ್ಲರ ಮನೆಯಲ್ಲೂ ಗೋಡೆಯ ಸಂದಿ ಸೇರಿತು. ಗಂಟೆ ಇರುವಾಗ ಚೀಟಿ ಓದುವ ಕರ್ಮ ಯಾರಿಗೆ ಬೇಕು? ಓದಿದವಳು ಪದ್ಮಶ್ರೀ ಒಬ್ಬಳೇ. ಆಪಿನೊಳಗಿನ ಎಣಿಕೆ ಹಳೆಯ ತಳಿಯದು. ಅದು ಒಂದು ದಿನ ತಡವಾಗಿ ಹೊಡೆಯುತ್ತದೆ, ಅದನ್ನು ನಂಬಿದ ಮನೆಗಳಲ್ಲಿ ಹುಳ ಒಂದು ದಿನ ಹಸಿಯುತ್ತದೆ. ಒಂಬತ್ತು ದಿನದೊಳಗೆ ಒಂದು ಅಂಕಿ ಬದಲಿಸಿ ಹೊಸ ಆಪ್ ಕಳಿಸಿದರೆ ಆಯಿತು.

ಅಂಕಿ ಬದಲಿಸುವುದು ಒಂದು ನಿಮಿಷದ ಕೆಲಸ. ಕಳಿಸುವುದಿತ್ತಲ್ಲ, ಅದು ಬೇರೆಯೇ ಕತೆ.

ಫೋನನ್ನು ನಡೆಸುವ ವ್ಯವಸ್ಥೆ ವರ್ಷಕ್ಕೊಂದು ಮೆಟ್ಟಿಲು ಏರುತ್ತದೆ, ಹಳೆಯ ಫೋನು ತನ್ನ ಹಳೆಯ ಮೆಟ್ಟಿಲಲ್ಲೇ ನಿಲ್ಲುತ್ತದೆ. ಆಪ್ ಮಾಡುವವರು ಎರಡು ಸಂಖ್ಯೆ ಬರೆದಿಡಬೇಕು. ಮೇಲಿನದು ಟಾರ್ಗೆಟ್, ಇಷ್ಟು ಹೊಸ ಫೋನಿನ ಕಟ್ಟಳೆಗೂ ನಾನು ಒಪ್ಪಿದ್ದೇನೆ ಎಂಬ ಮಾತು. ಕೆಳಗಿನದು ಮಿನಿಮಮ್, ಇಷ್ಟು ಹಳೆಯ ಫೋನಿನವರನ್ನೂ ಒಳಗೆ ಬಿಡುತ್ತೇನೆ ಎಂಬ ಮಾತು. ಪದ್ಮಶ್ರೀ ತನ್ನ ಆಪನ್ನು ಹಲವು ವರ್ಷ ಮುಟ್ಟಿರಲಿಲ್ಲ. ಅದರ ಟಾರ್ಗೆಟ್ ಮೂವತ್ತರಲ್ಲೇ ನಿಂತಿತ್ತು. ಈಗ ಮೂವತ್ತೈದಕ್ಕೆ ಏರಿಸದೆ, ಫೋನುಗಳಿಗೆ ಆಪ್ ಹಂಚುವ ಆನ್‌ಲೈನ್ ಅಂಗಡಿಯವರು ಒಂದು ಅಂಕಿಯ ಬದಲಾವಣೆಯನ್ನೂ ತೆಗೆದುಕೊಳ್ಳುವುದಿಲ್ಲ. ಏರಿಸಿದಳು. ಪರದೆಯ ತುಂಬ ಕೆಂಪು ಅಕ್ಷರಗಳು ಎದ್ದವು.

ಟಾರ್ಗೆಟ್ ಏರಿದರೆ ಬಿಲ್ಡ್ ಮಾಡುವ, ಅಂದರೆ ಬರೆದದ್ದನ್ನು ಆಪಾಗಿ ಕಟ್ಟುವ ಸಾಧನ ಹೊಸದಾಗಬೇಕು, ಸಾಧನ ಹೊಸದಾದರೆ ಅದನ್ನು ನಡೆಸುವ ಜಾವಾ ಹೊಸದಾಗಬೇಕು, ಜಾವಾ ಹೊಸದಾದರೆ ಲೈಬ್ರರಿಗಳು ಹೊಸದಾಗಬೇಕು. ಲೈಬ್ರರಿ ಎಂದರೆ ಬೇರೆ ಯಾರೋ ಬರೆದು ಬಿಟ್ಟ, ನಾವು ತಂದು ಜೋಡಿಸಿಕೊಳ್ಳುವ ತುಂಡು. ಒಂದನ್ನು ಊಟಕ್ಕೆ ಕರೆದರೆ ಅದರ ಹಿಂದೆ ನಾಲ್ಕು ನೆಂಟರು ಬರುತ್ತಾರೆ. ತಪ್ಪು ಎಲ್ಲೋ, ದೂರು ಇನ್ನೆಲ್ಲೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪದ್ಮಶ್ರೀ ಗಾಬರಿಯಾಗಲಿಲ್ಲ, ಇಂಥದ್ದನ್ನೇ ಬಿಡಿಸಿ ಉಂಡವಳು ಅವಳು. ಎರಡು ದಿನ ಒಂದೊಂದೇ ಗಂಟು ಬಿಚ್ಚಿದಳು. ಕೊನೆಗೆ ಒಂದೇ ಕೆಂಪು ಸಾಲು ಉಳಿಯಿತು. ನಿನ್ನ ಮಿನಿಮಮ್ಮನ್ನು ಇಪ್ಪತ್ನಾಲ್ಕಕ್ಕೆ ಏರಿಸು, ಎಲ್ಲ ಸರಿಹೋಗುತ್ತದೆ ಎಂದು ಅದೇ ದಾರಿಯನ್ನೂ ಹೇಳಿಕೊಟ್ಟಿತ್ತು.

ಚಂದ್ರಮೋಹನ್ ಹಿಂದೆ ನಿಂತು ನೋಡಿದರು. "ಏರಿಸಿಬಿಡಿ ಪದ್ಮಶ್ರೀ, ಅದೇ ಹೇಳ್ತಾ ಇದೆಯಲ್ಲ. ಇಪ್ಪತ್ನಾಲ್ಕಕ್ಕಿಂತ ಕೆಳಗಿರೋ ಫೋನು ಎಷ್ಟಿವೆ?"

ಅವಳು ಆಪ್ ಹಾಕಿಸಿಕೊಂಡವರ ಫೋನುಗಳ ಪಟ್ಟಿ ತೆಗೆದಳು. ಇಪ್ಪತ್ತಮೂರನೇ ಮೆಟ್ಟಿಲಿನಲ್ಲಿ ನಿಂತ ಫೋನು ಒಂದು.

"ಒಂದೇನಾ! ಒಂದು ಫೋನಿಗೋಸ್ಕರ ಮೂರು ದಿನ ಕೂರ್ತೀರಾ? ಬಿಟ್ಟಾಕಿ."

"ಅದು ನಮ್ಮೂರಿನ ಅಶ್ವತ್ಥಕ್ಕನ ಫೋನು ಸಾರ್."

ಚಂದ್ರಮೋಹನ್ ಕೆಟ್ಟವರಲ್ಲ. ಅವರು ಹೇಳಿದ್ದು ಲೋಕವೆಲ್ಲ ಮಾಡುವುದನ್ನೇ. "ಹೋಗಿ ಬಾಯಲ್ಲೇ ಹೇಳಿಬಿಡಿ ಅವರಿಗೆ" ಎಂದು ತಮ್ಮ ಕುರ್ಚಿಗೆ ಹೋದರು.

ಬಾಯಲ್ಲಿ ಹೇಳಬಹುದಿತ್ತು. ಈ ಸಲ ಹೇಳಬಹುದು, ಮುಂದಿನ ಬೆಳೆಗೆ? ಅದರ ಮುಂದಿನದಕ್ಕೆ? ಅಶ್ವತ್ಥಮ್ಮನಿಗೆ ಅರವತ್ತು ದಾಟಿದೆ. ಓದಲು ಬರುವುದಿಲ್ಲ, ಹುಳುಮನೆಯಲ್ಲಿ ಒಬ್ಬಳೇ ದುಡಿಯುತ್ತಾಳೆ. ಆಪ್ ಮೊದಲು ಮಾಡಿದಾಗ ಊರಲ್ಲಿ ಎಲ್ಲರೂ ನಕ್ಕಿದ್ದರು, ಹುಳ ಸಾಕೋರಿಗೆ ಗಂಟೆ ಬೇರೆ ಕೇಡು ಎಂದಿದ್ದರು. ಮೊದಲು ಹಾಕಿಸಿಕೊಂಡವಳು ಅಶ್ವತ್ಥಮ್ಮ. ಅವಳನ್ನು ನೋಡಿ ಉಳಿದವರು. ಮೊದಲು ಬಂದವಳನ್ನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕುವುದು ಪದ್ಮಶ್ರೀಗೆ ಆಗಲಿಲ್ಲ. ಹಾಗೆ ಮಾಡಿದರೆ ತನ್ನ ಕೆಲಸದ ಮೇಲೆ ತನಗೇ ಮರ್ಯಾದೆ ಉಳಿಯುವುದಿಲ್ಲ ಎನ್ನಿಸಿತು.

ಸಂಜೆ ಬಸ್ಸಿಳಿದು ನೇರವಾಗಿ ಅವಳ ಮನೆಗೇ ಹೋದಳು. ಅಶ್ವತ್ಥಮ್ಮ ಹಿಪ್ಪುನೇರಳೆ ಸೊಪ್ಪಿಗೆ ಒದ್ದೆ ಗೋಣಿ ಮುಚ್ಚುತ್ತಿದ್ದಳು.

"ಅಕ್ಕ, ಫೋನು ಬದಲಾಯಿಸೋ ಯೋಚನೆ ಏನಾದ್ರೂ ಇದೆಯಾ?"

"ಯಾಕಮ್ಮಾ? ಕೆಟ್ಟಿಲ್ವಲ್ಲ. ಕೆಟ್ಟಿಲ್ದೇ ಇರೋದನ್ನ ಯಾರಾದ್ರೂ ಬಿಸಾಕ್ತಾರಾ?"

"ಆಪಿನಲ್ಲಿ ಆ ದುಂಡನೆ ಚಕ್ರ ತಿರುಗುತ್ತಲ್ಲ, ದಿನ ತೋರಿಸೋದು. ಅದು ನಿಮಗೆ ಬೇಕಾ?"

"ಯಾವ ಚಕ್ರ? ನಾನು ಗಂಟೆ ಕೇಳ್ತೀನಿ, ಬಾಗಿಲು ತೆಗೀತೀನಿ. ಚಕ್ರ ಗಿಕ್ರ ನನಗೇನು ಗೊತ್ತು!"

ಪದ್ಮಶ್ರೀಗೆ ನಗು ಬಂತು, ಸ್ವಲ್ಪ ನೋವೂ ಆಯಿತು. ಆ ಚಕ್ರವನ್ನು ಅಂದ ಕಾಣಲಿ ಎಂದು ಅವಳೇ ಇಷ್ಟಪಟ್ಟು ತಂದು ಕೂರಿಸಿದ್ದಳು. ಇಪ್ಪತ್ನಾಲ್ಕು ಬೇಕು ಎಂದು ಹಟ ಹಿಡಿದಿದ್ದ ಲೈಬ್ರರಿಯನ್ನು ಕರೆತಂದ ನೆಂಟ ಆ ಚಕ್ರವೇ. ಮಾರನೆಯ ದಿನ ಅದನ್ನು ಬುಡಸಮೇತ ಕಿತ್ತು, ಆ ಜಾಗದಲ್ಲಿ ದಪ್ಪನೆಯ ಒಂದು ಅಂಕಿ ಇಟ್ಟಳು. ಅದರ ಹಿಂದೆ ಬಂದಿದ್ದ ಇನ್ನೊಂದು ಲೈಬ್ರರಿಯನ್ನು ಎರಡು ಆವೃತ್ತಿ ಹಿಂದಕ್ಕೆ ಎಳೆದು ಕಟ್ಟಿಹಾಕಿದಳು. ಏಳನೆಯ ದಿನ ಮಧ್ಯಾಹ್ನ ಬಿಲ್ಡ್ ಹಸಿರಾಯಿತು. ಮೇಲೆ ಮೂವತ್ತೈದು, ಕೆಳಗೆ ಮೊದಲಿನಷ್ಟೇ. ತನ್ನ ಹೊಸ ಫೋನಿನಲ್ಲಿ ಹಾಕಿ ನೋಡಿದಳು, ಹೊಡೆಯಿತು. ಸಂಜೆ ಅಶ್ವತ್ಥಮ್ಮನ ಫೋನಿನಲ್ಲಿ ಹಾಕಿದಳು, ಅದರಲ್ಲೂ ಹೊಡೆಯಿತು. ಆವತ್ತೇ ಕಳಿಸಿದಳು. ಗಂಟೆಯೇ ಹೇಳುತ್ತದಲ್ಲ ಎಂದು ದಿನ ಬದಲಾದದ್ದನ್ನು ಊರಿನಲ್ಲಿ ಯಾರಿಗೂ ಬೇರೆಯಾಗಿ ಹೇಳಲಿಲ್ಲ. ಮರುದಿನ ಎಲ್ಲರ ಫೋನಿಗೂ ಹೊಸ ಆಪ್ ಬಂತು, ಹುಳಗಳೂ ಜ್ವರಕ್ಕೆ ಕೂತವು, ಬಾಗಿಲುಗಳು ಮುಚ್ಚಿದವು.

ಒಂಬತ್ತನೆಯ ದಿನ ಹನ್ನೊಂದು ಗಂಟೆಗೆ ಗಂಟೆ ಹೊಡೆಯಬೇಕು. ಹನ್ನೊಂದೂ ಐದಕ್ಕೆ ಆಫೀಸಿನಿಂದ ಮನೆಗೆ ಫೋನು ಮಾಡಿದಳು.

"ಗಂಟೆ ಬಂತಾ ಅತ್ತೆ?"

"ಇಲ್ಲ ಕಣಮ್ಮ. ನಾಳೆಗಲ್ವಾ?"

"ಹೊಸ ಆಪ್ ಬಂದಾಗ ಫೋನು ಏನಾದ್ರೂ ಕೇಳ್ತಾ?"

"ಕೇಳ್ತು. ಅಲಾರಂ ಇಡೋಕೆ ಒಪ್ಪಿಗೆ ಕೊಡ್ತೀರಾ ಅಂತ ಏನೋ ಬಂತು. ಬೇಡ ಅಂದೆ. ಎಲ್ರೂ ಹಂಗೇ ಮಾಡಿದ್ದೀವಿ. ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಹೌದು, ಅವಳೇ. ಹಿಂದಿನ ವರ್ಷ ಮುಳಬಾಗಿಲಿನ ಕಡೆ ಯಾರದೋ ಫೋನಿಗೆ ಕಳ್ಳರು ಹೊಕ್ಕ ಸುದ್ದಿ ಬಂದಾಗ, ಡೈರಿಯ ಮುಂದೆ ಹಾಲು ಹಾಕಲು ಬಂದವರನ್ನೆಲ್ಲ ನಿಲ್ಲಿಸಿ ಪಾಠ ಮಾಡಿದ್ದಳು. ಫೋನು ಏನಾದರೂ ಒಪ್ಪಿಗೆ ಕೇಳಿದರೆ ಕಣ್ಣು ಮುಚ್ಚಿ ಬೇಡ ಎನ್ನಿ, ಗೊತ್ತಿಲ್ಲದ ನಂಬರು ಎತ್ತಬೇಡಿ ಎಂದಿದ್ದಳು. ಊರು ಊರೇ ಅದನ್ನು ಬಾಯಿಪಾಠ ಮಾಡಿಕೊಂಡಿತ್ತು. ಟಾರ್ಗೆಟ್ ಏರಿದ ಮೇಲೆ ಹೊಸ ಫೋನುಗಳು ಗಂಟೆ ಹೊಡೆಯಲು ಯಜಮಾನರ ಒಪ್ಪಿಗೆ ಕೇಳುತ್ತವೆ. ತನ್ನ ಫೋನು ಕೇಳಿದಾಗ ಅವಳು ಯೋಚನೆಯಿಲ್ಲದೆ ಕೊಟ್ಟಿದ್ದಳು. ಊರಿನವರು ಕೊಡುವುದಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

"ಅತ್ತೆ, ಹುಳ ಎದ್ದಿರುತ್ತವೆ. ಬಾಗಿಲು ತೆಗೀರಿ, ಸೊಪ್ಪು ಹಾಕಿ. ನಾನು ಬರ್ತಾ ಇದ್ದೀನಿ."

ಚಂದ್ರಮೋಹನ್ ಪಟ್ಟಿ ಹಿಡಿದು ಒಂದೊಂದೇ ಮನೆಗೆ ಫೋನು ಮಾಡಲು ಕೂತರು. ಯಾರೂ ಎತ್ತಲಿಲ್ಲ, ಗೊತ್ತಿಲ್ಲದ ನಂಬರಲ್ಲವೇ? ಪದ್ಮಶ್ರೀ ಬಸ್ಸು ಹತ್ತಿ ತನ್ನ ಫೋನಿನಿಂದಲೂ ಮಾಡಿ ನೋಡಿದಳು, ಆಗಲೂ ಯಾರೂ ಎತ್ತಲಿಲ್ಲ. ದಾರಿಯುದ್ದಕ್ಕೂ ಮುಚ್ಚಿದ ನಲವತ್ತು ಬಾಗಿಲುಗಳು ಕಣ್ಣ ಮುಂದೆ ಬಂದವು. ಅವರು ನಾಳೆಯವರೆಗೆ ಇಣುಕುವುದಿಲ್ಲ. ಭಾರತಮ್ಮನಿಗೆ ಮಂಡಿ ನೋವು, ಬೀದಿ ಸುತ್ತಲಾರಳು. ಇಡೀ ಊರಿನ ಬೆಳೆ ತನ್ನಿಂದ ಹೋಯಿತು ಎಂದು ಅವಳಿಗೆ ಅಳು ಬಂತು. ಕಂಡಕ್ಟರ್ ಟಿಕೆಟ್ ಕೊಟ್ಟು ಸುಮ್ಮನೆ ಮುಂದೆ ಹೋದ.

ಹನ್ನೆರಡೂವರೆಗೆ ಇಳಿದು ಓಡಿದಳು. ಮೊದಲ ಮನೆ ಚನ್ನರಾಯಪ್ಪನದು. ಆತ ಸೊಪ್ಪಿನ ಹೊರೆ ಹೊತ್ತು ಹುಳುಮನೆಯೊಳಗೆ ಹೋಗುತ್ತಿದ್ದ. ಪಕ್ಕದ ಮನೆಯ ಬಾಗಿಲೂ ತೆಗೆದಿತ್ತು, ಅದರಾಚೆಯದೂ.

"ಯಾರು ಹೇಳಿದ್ರು ಚನ್ನರಾಯಪ್ಪಣ್ಣ?"

"ಇನ್ಯಾರು, ಅಶ್ವತ್ಥಮ್ಮ! ಫೋನನ್ನ ತಲೆ ಮೇಲೆ ಎತ್ತಿ ಹಿಡ್ಕೊಂಡು ಬೀದಿ ಬೀದಿ ಕೂಗ್ತಾ ಬಂದ್ಲು. ಒಪ್ಪಲಿಲ್ಲ ನಾನು, ನಾಳೆ ಅಂದೆ. ಕೈ ಹಿಡಿದು ಎಳ್ಕೊಂಡು ಹೋಗಿ ಬಾಗಿಲು ತೆಗೆಸಿದ್ಲು."

ಹಳೆಯ ಫೋನು ಒಪ್ಪಿಗೆ ಕೇಳುವುದನ್ನು ಕಲಿತಿಲ್ಲ. ಹೊಡಿ ಎಂದರೆ ಹೊಡೆಯುತ್ತದೆ. ಇಪ್ಪತ್ತಮೂರಕ್ಕಿಂತ ಮೇಲಿನ ಮೆಟ್ಟಿಲಿನವಾದರೂ ಒಪ್ಪಿಗೆ ಕೇಳದಂಥವು ಊರಲ್ಲಿ ಇನ್ನೂ ನಾಲ್ಕೈದು ಇದ್ದವು, ಆದರೆ ಅವು ಮಾಲೂರಿನ ಕಾರ್ಖಾನೆಗಳಿಗೆ ಹೋದವರ ಜೇಬಿನಲ್ಲಿದ್ದವು. ಆ ಹೊತ್ತು ಊರೊಳಗೆ ಹೊಡೆದದ್ದು ಅಶ್ವತ್ಥಮ್ಮನದೊಂದೇ.

ಅವಳು ಕೊನೆಯ ಬೀದಿಯಲ್ಲಿ ಸಿಕ್ಕಳು. ಮುಖವೆಲ್ಲ ಬೆವರು, ಕೈಯಲ್ಲಿ ಫೋನು.

"ಏಮಮ್ಮಾ, ಎಲ್ಲಿ ಹೋಗಿದ್ದೆ ನೀನು? ನಂದೊಂದೇ ಬಡ್ಕೊಳ್ತಾ ಇತ್ತು, ಯಾರ ಮನೇಲೂ ಸದ್ದಿಲ್ಲ. ಇದಕ್ಕೇನು ಹುಚ್ಚಾ ಅಂತ ಒಳಗೆ ಹೋಗಿ ನೋಡಿದ್ರೆ ಹುಳ ಎದ್ದವೆ! ಆಮೇಲೆ ಸುಮ್ನೆ ಕೂರೋಕಾಗುತ್ತಾ?"

ಪದ್ಮಶ್ರೀ ಅವಳ ಎರಡೂ ಕೈ ಹಿಡಿದುಕೊಂಡಳು. ಈ ಮುದುಕಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಏಳು ದಿನ ಒಳಗೊಳಗೇ ಬೀಗಿದ್ದಳು. ಅದಕ್ಕೆ ನಾಚಿಕೆಯಾಯಿತು, ಆ ನಾಚಿಕೆಗಿಂತ ಹೆಚ್ಚು ಸಂತೋಷವಾಯಿತು.

"ನನ್ನಿಂದ ತಪ್ಪಾಯ್ತಕ್ಕ. ನೀವು ಉಳಿಸಿದ್ರಿ."

"ಅದೆಲ್ಲಾ ಆಮೇಲೆ. ಕೈ ಬಿಡು, ಹೋಗ್ಬೇಕು."

"ಇನ್ನೂ ಯಾರ ಮನೆ ಉಳೀತು?"

"ಯಾರದೂ ಇಲ್ಲ. ನಂದೇ. ಸೊಪ್ಪು ಹಾಕ್ತಾ ಕೂತಿದ್ರೆ ಇವ್ರಿಗೆಲ್ಲಾ ಯಾರು ಹೇಳೋರು?"

ಪದ್ಮಶ್ರೀ ಬ್ಯಾಗನ್ನು ಅಲ್ಲೇ ಯಾರದೋ ಜಗುಲಿಯ ಮೇಲೆ ಎಸೆದು, ಅಶ್ವತ್ಥಮ್ಮನಿಗಿಂತ ಮುಂದೆ ಓಡಿದಳು. ಹುಳುಮನೆಯ ಬಾಗಿಲು ತೆರೆದೇ ಇತ್ತು. ಸುಣ್ಣದ ಪುಡಿಯ ಮೇಲೆ ಹುಳಗಳು ತಲೆಯೆತ್ತಿ ಮೇವು ಹುಡುಕುತ್ತಿದ್ದವು. ಅವಳು ಒದ್ದೆ ಗೋಣಿ ಸರಿಸಿ, ತೋಳು ತುಂಬ ಸೊಪ್ಪು ಎತ್ತಿಕೊಂಡು, ಮೊದಲ ತಟ್ಟೆಯಿಂದ ಹಾಕುತ್ತಾ ಹೋದಳು.