ಇಳಿಜಾರಿನಲ್ಲಿ ಮುಂದಿನ ಬ್ರೇಕು

ನಾಲ್ಕು ವರ್ಷದ ಹಿಂದಿನ ಮಾತು. ಆಗ ನನ್ನ ಮಗಳು ಗೌರಿಗೆ ಐದು ವರ್ಷ. ನಾನು ಗಜೇಂದ್ರಗಡದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಪುರ್ತಗೇರಿಯ ಮದುವೆ ಮನೆಗೆ ರವಿಕೆ ಕೊಟ್ಟು ಬರಲು, ಗೌರಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸೈಕಲ್ ಮೇಲೆ ಹೊರಟಿದ್ದೆ.

ದಾರಿಯಲ್ಲಿ ಗುಡ್ಡದ ಇಳಿಜಾರು ಶುರುವಾದ ಕೂಡಲೇ ಹಿಂದಿನ ಬ್ರೇಕ್ ಹಿಡಿದೆ. ಟಪ್ ಅಂತು. ವಾಯರ್ ಹರಿದಿತ್ತು.

ಮುಂದಿನ ಬ್ರೇಕ್ ಮುಟ್ಟಲು ನನಗೆ ಜೀವಭಯ. ಸೈಕಲ್ ಕಲಿಯುವಾಗ ಅದನ್ನು ಒಮ್ಮೆಲೇ ಹಿಡಿದು, ಹ್ಯಾಂಡಲ್ ಮೇಲಿಂದ ಹಾರಿಬಿದ್ದು ಹಲ್ಲು ಮುರಿದುಕೊಂಡವಳು ನಾನು. ಕೆಳಗೆ ನೋಡಿದರೆ ಕುರಿಹಿಂಡು ರಸ್ತೆ ದಾಟುತ್ತಿತ್ತು. ಅದಕ್ಕಾಗಿ ಈಚೆಗೆ ಒಂದು ಟ್ರ್ಯಾಕ್ಟರ್ ನಿಂತಿತ್ತು, ನಡುರಸ್ತೆಯಲ್ಲೇ.

"ಬ್ರೇಕ್ ಹೋತು! ಸರೀರಿ, ಸರೀರಿ!" ಎಂದು ಚೀರಿದೆ. ಕಾಲನ್ನು ನೆಲಕ್ಕೆ ಒತ್ತಿದೆ. ಸೈಕಲ್ ಓಲಾಡಿತು. ಗೌರಿ ಅಳತೊಡಗಿದಳು.

ಅಷ್ಟರಲ್ಲಿ ಹಿಂದಿನಿಂದ ವಯಸ್ಸಾದವರೊಬ್ಬರು ಜೋರಾಗಿ ಸೈಕಲ್ ತುಳಿಯುತ್ತ ನನ್ನ ಪಕ್ಕಕ್ಕೇ ಬಂದರು. "ಯವ್ವಾ, ಕಾಲು ತಗಿ! ಮುಂದಿನ ಬ್ರೇಕ್ ಹಿಡಿ!"

"ಒಲ್ಲೆರೀ ಅಜ್ಜಾರ, ಪಲ್ಟಿ ಆಗ್ತೇತಿ!"

"ಆಗಂಗಿಲ್ಲ. ಕೂಸು ಹಿಂದೈತಿ, ತೂಕ ಹಿಂದೈತಿ. ನೀನೂ ಹಿಂದ ಸರಿ. ಕೈ ಬಿಗಿ ಮಾಡು, ಹ್ಯಾಂಡಲ್ ನೆಟ್ಟಗ ಇರಲಿ. ಈಗ ಹಿಡಿ. ಮೆಲ್ಲಕ!"

ಎರಡು ಬೆರಳು ಒತ್ತಿದೆ. ಗಾಲಿ ಕಿರ್ ಎಂದಿತು. ಹೆದರಿ ಬಿಟ್ಟುಬಿಟ್ಟೆ. ಸೈಕಲ್ ಮತ್ತೆ ಓಟ ಕಿತ್ತಿತು.

"ಬಿಡಬ್ಯಾಡ! ಇನ್ನೊಂದೀಟು ಹಿಡಿ... ಹಾಂ, ಹಂಗ... ಇನ್ನೊಂದೀಟು." ಅವರು ಮಾತು ನಿಲ್ಲಿಸಲೇ ಇಲ್ಲ. ಆ ದನಿ ಹೇಳಿದಷ್ಟೇ ಒತ್ತುತ್ತ ಹೋದೆ. ಟ್ರ್ಯಾಕ್ಟರ್ ದೊಡ್ಡದಾಗುತ್ತ ಬಂತು.

ಇನ್ನು ನಾಲ್ಕು ಮಾರು ಇರುವಾಗ ಸೈಕಲ್ ನಿಂತಿತು.

ಗೌರಿಗೆ ಏನೂ ಆಗಿರಲಿಲ್ಲ. ನಾನು ಕಾಲು ಊರಿದೆ, ಆದರೆ ಬೆರಳು ಬ್ರೇಕ್ ಬಿಡಲೊಲ್ಲವು. ಅಜ್ಜನೇ ಒಂದೊಂದಾಗಿ ಬಿಡಿಸಿದರು. ಅವರ ಕೈಯೂ ಗಡಗಡ ನಡುಗುತ್ತಿತ್ತು.

"ನಿಮಗೂ ಅಂಜಿಕಿ ಆಗಿತ್ತೇನ್ರಿ?" ಎಂದೆ.

"ಭಾಳ ಆಗಿತ್ತವ್ವ. ಅದು ನಿನಗ ಗೊತ್ತಾಗಿದ್ರ ನೀ ಬ್ರೇಕ್ ಹಿಡೀತಿದ್ದೇನು?" ಎಂದು ನಕ್ಕರು. ಅವರ ಊರು ಜಕ್ಕಲಿಯಂತೆ. ನಮ್ಮ ಜೊತೆ ಸೈಕಲ್ ತಳ್ಳಿಕೊಂಡು ಪುರ್ತಗೇರಿಯವರೆಗೂ ನಡೆದು ಬಂದರು.

ಈಗ ಗೌರಿಯೇ ಸೈಕಲ್ ಕಲಿಯುತ್ತಿದ್ದಾಳೆ. ತುಳಿಯುವುದಕ್ಕಿಂತ ಮೊದಲು ಅವಳಿಗೆ ನಿಲ್ಲಿಸುವುದನ್ನು ಕಲಿಸಿದೆ. ಅವಳು ಸ್ವಲ್ಪ ಜೋರಾಗಿ ಹೋದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಚೀರಬೇಕು ಅನ್ನಿಸುತ್ತದೆ. ಚೀರುವುದಿಲ್ಲ. ಪಕ್ಕದಲ್ಲೇ ಓಡುತ್ತ, "ಮೆಲ್ಲಕ ಹಿಡಿ, ಗೌರಿ, ಇನ್ನೊಂದೀಟು" ಎನ್ನುತ್ತೇನೆ.