ಕರುಳಿಗೆ ಗ್ರೀಕರಿಟ್ಟ ಹೆಸರು

ಮೊಮ್ಮಗಳು ನನ್ನ ಮೀಸೆ ಹಿಡಿದು ಎಳೆಯುತ್ತಾಳೆ. ಬರೆಯಲು ಕೂತರೆ ಪೆನ್ನು ಕಿತ್ತುಕೊಳ್ಳುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು, ಆಮೇಲೆಲ್ಲ ಕುರಿಗಳ ಹಿಂದೆ. ಆದರೂ ಖುಷಿ ತಡೆಯಲಾರದೆ ಬರೆಯುತ್ತಿದ್ದೇನೆ. ಇವಳು ಬರುವ ಮುಂಚಿನ ಒಂದು ವಾರ ನಾನು ಕೂತಲ್ಲಿ ಕೂತವನಲ್ಲ, ನಿಂತಲ್ಲಿ ನಿಂತವನಲ್ಲ.

ನನ್ನ ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗಲಿಲ್ಲ. ದತ್ತು ತೆಗೆದುಕೊಳ್ಳಲು ಗಂಡ ಹೆಂಡತಿ ಅರ್ಜಿ ಹಾಕಿ ಕಾದರು. ಕೊನೆಗೆ ಚಿತ್ರದುರ್ಗದಲ್ಲಿ ಎಂಟು ತಿಂಗಳ ಹೆಣ್ಣುಕೂಸು ಸಿಗುತ್ತದೆಂದು ತಿಳಿದ ದಿನ ಮಗಳು ನಮ್ಮೂರು ತಾಳ್ಯಕ್ಕೆ ಬಂದು ನನ್ನೆದುರು ಕೂತಳು.

"ಅಪ್ಪಾ, ನೀನು ಬಾಯ್ತುಂಬ ಹೂಂ ಅಂತೀಯ. ನಂಗದು ಸಾಲ್ದು. ಕೂಸನ್ನ ಎತ್ಕಂಡಾಗ ನಮ್ದಲ್ಲ ಅಂತ ನಿಂಗನಿಸಿದ್ರೆ ಅದಕ್ಕೆ ಗೊತ್ತಾಗತೈತೆ. ಅಂಗಾದ್ರೆ ನಾವು ಈ ಮನೆಗೆ ಬರಾದೇ ಇಲ್ಲ."

"ಹುಚ್ಚಿ, ಏನ್ ಮಾತಾಡ್ತೀಯ!" ಎಂದೆ. ಆದರೆ ಹೆದರಿಕೆ ಒಳಗೆ ಹೊಕ್ಕಿತ್ತು. ಮರಿ ಸತ್ತ ಕುರಿ ಬೇರೆ ತಬ್ಬಲಿ ಮರಿಯನ್ನು ಸೇರಿಸುವುದಿಲ್ಲ, ಮೂಸಿ ನೋಡಿ ಗುದ್ದುತ್ತದೆ. ಆಗ ನಾವು ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಯ ಮೈಗೆ ಕಟ್ಟುತ್ತೇವೆ. ತನ್ನದೇ ವಾಸನೆ ಎಂದುಕೊಂಡು ಅದು ಮೊಲೆ ಕೊಡುತ್ತದೆ. ನಾಲ್ಕು ದಿನ ಬಿಟ್ಟು ಚರ್ಮ ಬಿಚ್ಚಿದರೂ ಆಮೇಲೆ ಒದೆಯುವುದಿಲ್ಲ.

ನನ್ನ ತಲೆಗೆ ಹೊಳೆದದ್ದು ಇಷ್ಟೇ. ನಾನು ಹೊದೆಯುವ ಕಂಬಳಿಯನ್ನು ಒಗೆಯದೆ ಮಡಿಸಿ, ಕೂಸಿಗೆ ಸುತ್ತಲು ಎತ್ತಿಟ್ಟೆ. ಹೆಂಡತಿ ಮೂಗು ಮುಚ್ಚಿಕೊಂಡಳು.

"ಅದ್ನ ಹೊದಿಸಿದ್ರೆ ಕೂಸು ಅಜ್ಜಾ ಅನ್ನಲ್ಲ ಕಣ್ರಿ, ಬ್ಯಾ ಅಂತೈತೆ!"

ಆ ವಾರವೇ ಹೊಳಲ್ಕೆರೆಯಿಂದ ಪರಿಚಯದ ಪಾದ್ರಿಗಳು ಚರ್ಚಿನ ಗುಲಾಬಿ ಗಿಡಗಳಿಗೆ ಕುರಿಗೊಬ್ಬರ ಒಯ್ಯಲು ಬಂದರು. ಒಂದು ಚೀಲ ತುಂಬುವುದರೊಳಗೆ ನಾನು ಮೂರು ಸಲ ಎದ್ದುಹೋಗಿ ರಸ್ತೆ ನೋಡಿ ಬಂದೆ.

"ಯಾಕಜ್ಜಾ ಇಂಗೆ ಒದ್ದಾಡ್ತೀರಿ? ಕುಂತ್ಕಳ್ರಿ," ಎಂದರು.

ಎಲ್ಲ ಹೇಳಿದೆ. ನನ್ನ ಕರುಳಿನ ಕುಡಿಯಲ್ಲದ ಕೂಸಿಗೆ ನನ್ನ ಕರುಳು ಮಿಡಿಯದಿದ್ದರೆ ಏನು ಗತಿ ಎಂದೆ.

ಅವರು ಚೀಲ ಕೆಳಗಿಟ್ಟರು. ಬೈಬಲ್ಲಿನಲ್ಲಿ 'ಸ್ಪ್ಲಾಂಖ್ನ' ಎಂದು ಒಂದು ಗ್ರೀಕ್ ಪದ ಇದೆಯಂತೆ. ನನ್ನ ನಾಲಿಗೆ ಹೊರಳದ ಪದ. ಅರ್ಥ ಮಾತ್ರ ಕರುಳು, ಹೊಟ್ಟೆಯೊಳಗಿನದು. ದಿಕ್ಕಿಲ್ಲದ ಜನರನ್ನು ಕಂಡು ಯೇಸುಸ್ವಾಮಿ ಮರುಗಿದರು ಎನ್ನುವಲ್ಲಿ ಇರುವುದು ಅದರಿಂದಲೇ ಹುಟ್ಟಿದ ಮಾತಂತೆ.

"ಅಂದ್ರೆ, ಕರುಳು ಚುರುಕ್ ಅನ್ನಾದು?"

"ಅದೇ."

"ಅದಕ್ಕೆ ಗ್ರೀಕರತ್ರ ಹೋಗ್ಬೇಕಾಗಿತ್ತಾ? ನಮ್ಮವ್ವ ದಿನಾ ಅಂತಿದ್ಲಲ್ರಿ!"

ಪಾದ್ರಿಗಳು ಜೋರಾಗಿ ನಕ್ಕರು. ಆಮೇಲೆ ದಾರಿಯಲ್ಲಿ ಏಟು ತಿಂದು ಬಿದ್ದವನ ಕತೆ ಹೇಳಿದರು. ದೊಡ್ಡವರಿಬ್ಬರು ನೋಡಿಯೂ ಬದಿಗೆ ಸರಿದು ಹೋದರಂತೆ. ಆ ಊರಿನವರು ಹತ್ತಿರ ಸೇರಿಸದ ಕುಲದವನೊಬ್ಬ ಬಂದು, ಗಾಯ ಕಟ್ಟಿ, ತನ್ನ ಕತ್ತೆಯ ಮೇಲೆ ಕೂರಿಸಿಕೊಂಡನಂತೆ.

"ಅವನು ಮರುಗಿದ ಅನ್ನೋ ಕಡೇನೂ ಇದೇ ಮಾತೈತೆ ಅಜ್ಜಾ. ಬಿದ್ದೋನು ಅವನಿಗೆ ಏನೂ ಆಗ್ಬೇಕಿರಲಿಲ್ಲ. ಮೂಸಿ ನೋಡ್ದೆ ಹೊರಳೋ ಕರುಳದು. ದೇವರದ್ದೂ ಅಂತದ್ದೇ."

"ದೇವ್ರಿಗಾತು. ನಂದು ಹೊರಳ್ದೇ ಇದ್ರೆ?"

"ಅದನ್ನ ನೀವು ಹೊರಳಿಸಾಕಾಗಲ್ಲ. ಹತ್ರ ಹೋಗ್ರಿ, ಅಷ್ಟೇ."

ಗೊಬ್ಬರ ಹೋಯಿತು, ಚಡಪಡಿಕೆ ಉಳಿಯಿತು. ಕುರಿಗಳಿಗೆ ನೀರು ತೋರಿಸಿದೆನೋ ಇಲ್ಲವೋ ಮರೆತು ಎರಡೆರಡು ಸಲ ತೋರಿಸಿದೆ.

ಕೂಸು ಬರುವ ದಿನ ಬೆಳಗಿನಿಂದಲೇ ಕಂಬಳಿ ತೋಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಕಾರು ನಿಂತಿತು. ಕೂಸು ನನ್ನ ರುಮಾಲು, ಮೀಸೆ ನೋಡಿ ಚೀರಿಬಿಟ್ಟಿತು. ಮಗಳು ಕೂಸನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಹತ್ತಿರ ಹೋದೆ. ಮತ್ತೊಮ್ಮೆ ಚೀರಿತು. ಹೊಕ್ಕಳ ಕೆಳಗೆ ಏನೋ ಹಿಂಡಿದಂತಾಯಿತು. ಯಾವಾಗ ಕೈ ಚಾಚಿದೆನೋ, ಯಾವಾಗ ಅದು ನನ್ನ ಎದೆಗೆ ಬಂತೋ ತಿಳಿಯದು. ಅದರ ಮೈಯಿಂದ ಯಾವುದೋ ಗೊತ್ತಿಲ್ಲದ ಸೋಪಿನ ವಾಸನೆ ಬರುತ್ತಿತ್ತು. ಬಿಕ್ಕುತ್ತಲೇ ನನ್ನ ಅಂಗಿ ನೆನೆಸಿ, ಮೀಸೆಗೆ ಕೈ ಹಾಕಿತು.

"ರೀ, ಕಂಬ್ಳಿ ತುಳೀತಿದೀರಿ!" ಎಂದಳು ಹೆಂಡತಿ.

ಬಗ್ಗಿ ಎತ್ತಿಕೊಳ್ಳಲು ಕೈ ಬಿಡುವಿರಲಿಲ್ಲ.

"ಕೊಡಪ್ಪಾ ಇಲ್ಲಿ, ಹಸಿದೈತೆ," ಎಂದಳು ಮಗಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ.

"ತಡಿಯೇ, ಈಗಿನ್ನೂ ಬಂದೈತೆ," ಎಂದೆ. ಕೊಡಲಿಲ್ಲ.